ಉಗುರಿನ ಮೇಲೊಂದು ಮಿಲಿಗ್ರಾಂ ಬೆಳ್ಳಿ

2024ರ ಏಪ್ರಿಲ್ 29. ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟದ ಕಾಡಿನ ಊರು ಇಂಡಿಗನತ್ತದಲ್ಲಿ ಮರುಮತದಾನ. ಮೂರು ದಿನ ಮೊದಲು, ಲೋಕಸಭೆ ಚುನಾವಣೆಯ ದಿನ, ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕರಿಸಿದ ಊರಿನಲ್ಲಿ ಗಲಾಟೆ ಎದ್ದು ಮತಯಂತ್ರ ಪುಡಿಯಾಗಿತ್ತು. ಇಂಥ ಮರುಮತದಾನದಲ್ಲಿ ಒಂದು ಸಣ್ಣ ವ್ಯತ್ಯಾಸ ಇರುತ್ತದೆ. ಶಾಯಿಯನ್ನು ಎಡಗೈಯ ತೋರುಬೆರಳಿನ ಬದಲು ನಡುಬೆರಳಿಗೆ ಹಚ್ಚುತ್ತಾರೆ. ಮೊದಲ ಸಲದ ಗುರುತು ಅಷ್ಟು ಬೇಗ ಅಳಿಯುವುದಿಲ್ಲ ಎಂದು ಚುನಾವಣಾ ಆಯೋಗಕ್ಕೆ ಚೆನ್ನಾಗಿ ಗೊತ್ತು. ಸೋಪು, ಸೀಗೆಪುಡಿ, ನಿಂಬೆಹುಳಿ, ಸೀಮೆಎಣ್ಣೆ ಯಾವುದನ್ನು ಹಾಕಿ ಉಜ್ಜಿದರೂ ಅದು ಜಗ್ಗದು.

ಜಗ್ಗದಿರುವುದಕ್ಕೆ ಕಾರಣ ಬೆಳ್ಳಿ.

ಆ ಶಾಯಿ ಬರುವುದು ಬಹಳ ದೂರದಿಂದೇನಲ್ಲ. ಚಾಮರಾಜನಗರದಿಂದಲೂ ಅದೇ ಜಿಲ್ಲೆಯ ಗುಂಡ್ಲುಪೇಟೆಯಿಂದಲೂ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ಅದು ತಯಾರಾಗುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಈ ಸಂಸ್ಥೆ ಇವತ್ತು ರಾಜ್ಯ ಸರ್ಕಾರದ್ದು. ದೆಹಲಿಯ ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಾಲಯದ ಸೂತ್ರ ಹಿಡಿದು 1962ರ ಮೂರನೇ ಮಹಾಚುನಾವಣೆಗೆ ಮೊದಲ ಬಾರಿ ಶಾಯಿ ಕಳಿಸಿತು. 2024ರ ಚುನಾವಣೆಗೆ ಇಲ್ಲಿಂದ ಹೋದದ್ದು 26 ಲಕ್ಷಕ್ಕೂ ಹೆಚ್ಚು ಸೀಸೆ. ಹತ್ತು ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಮತದಾರರ ಬೆರಳಿಗೆ ಸಾಲುತ್ತದೆ. ಒಂದು ಮತದ ಬೆಲೆ ಏನೆಂದು ಚಾಮರಾಜನಗರ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ: 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರೆದುರು ಗೆದ್ದದ್ದು ಒಂದೇ ಒಂದು ಮತದಿಂದ.

ಶಾಯಿಯ ಒಳಗಿರುವುದು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಮೈಸೂರಿನ ನಿಖರ ಸೂತ್ರ ಗುಟ್ಟು. ಆದರೆ ಜಗತ್ತಿನ ಚುನಾವಣಾ ಶಾಯಿಗಳಲ್ಲಿ ಇದು ಸಾಮಾನ್ಯವಾಗಿ ಶೇ 10ರಿಂದ 18ರಷ್ಟಿರುತ್ತದೆ. ಶೇ 10 ಎಂದೇ ಇಟ್ಟುಕೊಂಡು ಲೆಕ್ಕ ಹಾಕಿದರೆ ಒಬ್ಬ ಮತದಾರನ ಬೆರಳಿಗೆ ಬೀಳುವ ಬೆಳ್ಳಿ ಒಂದು ಮಿಲಿಗ್ರಾಂನ ಆಸುಪಾಸು. ಒಂದು ಗ್ರಾಂನ ಸಾವಿರದಲ್ಲಿ ಒಂದು ಪಾಲು. ಅಷ್ಟು ಬೆಳ್ಳಿ ಚರ್ಮದ ಉಪ್ಪಿನ ಜೊತೆ ಸೇರಿ, ಬಿಸಿಲು ತಾಗಿ, ಕಪ್ಪಾಗಿ ವಾರಗಟ್ಟಲೆ ಕೂರುತ್ತದೆ. ಈ ಒಂದು ಮಿಲಿಗ್ರಾಂ ನೆನಪಿನಲ್ಲಿರಲಿ. ಮುಂದಿನ ಲೆಕ್ಕಗಳಿಗೆಲ್ಲ ಇದೇ ಸೇರು, ಇದೇ ಪಾವು.

ಏಕೆಂದರೆ ಇದೇ ಬೆಳ್ಳಿಯನ್ನು ಮನೆಯಲ್ಲೇ ನೀರಿಗೆ ಇಳಿಸಿ ದಿನಾ ಎರಡು ಚಮಚ ಕುಡಿಯಿರಿ ಎನ್ನುವ ವಿಡಿಯೊಗಳಿಗೆ ಈಗ ಬರವಿಲ್ಲ. ಹೆಸರು ಕೊಲಾಯ್ಡಲ್ ಸಿಲ್ವರ್. ನೆಗಡಿಯಿಂದ ಕ್ಯಾನ್ಸರ್‌ವರೆಗೆ ಯಾವುದಕ್ಕೂ ಆಗುತ್ತದೆ ಎಂಬ ಮಾತು ಅದರ ಜೊತೆಗೇ ಬರುತ್ತದೆ. ಬೇಕಾದ ಸಾಮಾನೂ ಭಾರಿ ಏನಲ್ಲ: ಎರಡು ಬೆಳ್ಳಿ ತಂತಿ, ಒಂದು ಗಾಜಿನ ಲೋಟ, ಮೂರು ಬ್ಯಾಟರಿ. ಸುಲಭವಾಗಿ ಮಾಡಬಹುದು ಎನ್ನುವುದು ನಿಜ. ಮಾಡಿದ್ದರಲ್ಲಿ ಎಷ್ಟು ಬೆಳ್ಳಿ ಇದೆ ಎಂದು ತಿಳಿಯುವುದು ಮಾತ್ರ ಅಷ್ಟು ಸುಲಭವಲ್ಲ, ಮತ್ತು ಬೆಳ್ಳಿಯ ವಿಷಯದಲ್ಲಿ ಉಳಿದೆಲ್ಲವೂ ನಿಂತಿರುವುದು ಆ 'ಎಷ್ಟು' ಎಂಬುದರ ಮೇಲೇ.

ಇಂಥ ಮಾತನ್ನು ಜನ ಬೇಗ ನಂಬುವುದಕ್ಕೆ ಕಾರಣವೂ ಇದೆ. ನಮ್ಮ ಮನೆಗಳಿಗೆ ಬೆಳ್ಳಿ ಹೊಸದಲ್ಲ. ಬಾಣಂತಿ ಮನೆಗೆ ಬಂದವರು ಕೂಸಿಗೆ ಬೆಳ್ಳಿ ಒಳಲೆ ಕೊಡುತ್ತಾರೆ. "ಬೆಳ್ಳಿ ಒಳಲೇಲೇ ಕುಡ್ಸು ಕಣವ್ವ, ಕೂಸ್ಗೆ ಒಳ್ಳೇದು" ಎಂಬ ಅಜ್ಜಿಯ ಮಾತಿಗೆ ಎದುರಾಡುವ ಸೊಸೆ ಈ ಸೀಮೆಯಲ್ಲಿ ಅಪರೂಪ. ಉಡಿದಾರ, ಕಾಲ್ಗೆಜ್ಜೆ, ಕಾಲುಂಗುರ, ದೇವರ ಮುಂದಿನ ಪಂಚಪಾತ್ರೆ ಎಲ್ಲವೂ ಬೆಳ್ಳಿ. ಒಳಲೆಯಲ್ಲಿ ಹಾಲು ನಿಲ್ಲುವುದು ಕೆಲವು ನಿಮಿಷ. ಅಷ್ಟರಲ್ಲಿ ಅದಕ್ಕೆ ಇಳಿಯುವ ಬೆಳ್ಳಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ, ಹಾಗಾಗಿ ಅಜ್ಜಿಯ ಮಾತಿನಿಂದ ಕೂಸಿಗೆ ಅಪಾಯವೇನಿಲ್ಲ. ಒಳಲೆಯನ್ನು ಸರಿಯಾಗಿ ತೊಳೆದು ಕುದಿಸದಿದ್ದರೆ ಆಗುವ ಅಪಾಯ ಬೇರೆ, ಅದನ್ನು ಬೆಳ್ಳಿ ತಪ್ಪಿಸುವುದಿಲ್ಲ.

ಬೆಳ್ಳಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿ ಇರುವುದು ಕಟ್ಟುಕತೆಯಲ್ಲ. ಲೋಹದ ಬೆಳ್ಳಿಯಿಂದ ಬಿಡಿಸಿಕೊಂಡ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಬೆಳ್ಳಿ ಅಯಾನು ಬ್ಯಾಕ್ಟೀರಿಯಾದ ಪ್ರೋಟೀನ್‌ಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ಪ್ರಸೂತಿ ವೈದ್ಯ ಹುಟ್ಟಿದ ಕೂಸುಗಳ ಕಣ್ಣಿಗೆ ಶೇ 2ರ ಸಿಲ್ವರ್ ನೈಟ್ರೇಟ್ ಹನಿ ಹಾಕತೊಡಗಿದ. ಹೆರಿಗೆಯ ವೇಳೆ ತಾಯಿಯಿಂದ ತಗುಲಿ ಕಣ್ಣು ಕಳೆಯುತ್ತಿದ್ದ ಸೋಂಕು ನೂರಕ್ಕೆ ಹತ್ತರ ಆಸುಪಾಸಿನಿಂದ ಒಂದಕ್ಕಿಂತಲೂ ಕೆಳಕ್ಕೆ ಇಳಿಯಿತು. ಎಷ್ಟೋ ಲಕ್ಷ ಮಕ್ಕಳ ಕಣ್ಣು ಉಳಿಸಿದ ಹನಿ ಅದು. ಅದೇ ಹನಿ ಕಣ್ಣನ್ನು ಕೆಂಪಗೆ ಉರಿಸುತ್ತಲೂ ಇತ್ತು, ಹಾಗಾಗಿ ಮುಂದೆ ಅದನ್ನು ಶೇ 1ಕ್ಕೆ ಇಳಿಸಿದರು. ಉರಿಯನ್ನು ಇನ್ನಷ್ಟು ತಗ್ಗಿಸಲು ಹೊರಟವರು ಕಂಡುಕೊಂಡ ದಾರಿಗಳಲ್ಲಿ ಒಂದು ಕೊಲಾಯ್ಡ್ ರೂಪದ ಬೆಳ್ಳಿ. ಕ್ರೆಡೆಯ ಮಗ 1897ರ ಸುಮಾರಿಗೆ ಕೊಲ್ಲಾರ್ಗೋಲ್ ಎಂಬ ಔಷಧಿಯನ್ನು ಬಳಕೆಗೆ ತಂದ. ಅಮೆರಿಕದ ಆಲ್ಬರ್ಟ್ ಬಾರ್ನ್ಸ್ ಆರ್ಗಿರಾಲ್ ಎಂಬ ಬೆಳ್ಳಿ ಔಷಧಿ ಮಾರಿ ಎಷ್ಟು ಶ್ರೀಮಂತನಾದನೆಂದರೆ, ಆ ದುಡ್ಡಿನಲ್ಲಿ ಕೊಂಡ ರೆನ್ವಾರ್, ಸೆಜಾನ್ ಚಿತ್ರಗಳು ಇವತ್ತಿಗೂ ಫಿಲಡೆಲ್ಫಿಯಾದಲ್ಲಿ ಒಂದು ದೊಡ್ಡ ಸಂಗ್ರಹವಾಗಿ ಉಳಿದಿವೆ. ಪೆನಿಸಿಲಿನ್ ಮತ್ತು ಅದರ ಬೆನ್ನಿಗೆ ಬಂದ ಪ್ರತಿಜೈವಿಕಗಳು ಈ ಸೀಸೆಗಳನ್ನು ಅಟ್ಟಕ್ಕೆ ಹಾಕಿದವು. ಅಟ್ಟದಿಂದ ಅವನ್ನು ಮತ್ತೆ ಇಳಿಸಿದವರು ಮೂರು ಬ್ಯಾಟರಿಯ ಮಂದಿ.

ಕೊಲಾಯ್ಡ್‌ಗೆ ಕನ್ನಡದಲ್ಲಿ ಕಲಿಲ ಎನ್ನುತ್ತಾರೆ. ಉಪ್ಪು ನೀರಿನಲ್ಲಿ ಕರಗುವ ಹಾಗೆ ಪೂರ್ತಿ ಕರಗಿಯೂ ಇಲ್ಲ, ಮರಳಿನ ಹಾಗೆ ತಳಕ್ಕೆ ಇಳಿದೂ ಇಲ್ಲ, ನಡುವೆ ತೇಲುತ್ತ ನಿಂತ ಅತಿ ಸಣ್ಣ ಕಣಗಳ ಗುಂಪು. ಹಾಲು ಒಂದು ಕಲಿಲ. ಇದರ ಚರಿತ್ರೆಯಲ್ಲೊಂದು ಸೊಗಸಾದ ಹೊಂದಾಣಿಕೆ ಇದೆ. ಚಿನ್ನದ ಕಲಿಲ ಮಾಡಿ ಅದರ ಮಾಣಿಕ್ಯದ ಬಣ್ಣಕ್ಕೆ ಕಾರಣ ಕಣಗಳ ಗಾತ್ರ ಎಂದು 1857ರಲ್ಲಿ ಲಂಡನ್ನಿನಲ್ಲಿ ಹೇಳಿದವನು ಮೈಕೆಲ್ ಫ್ಯಾರಡೆ. ವಿದ್ಯುತ್ ಹರಿಸಿದಾಗ ಎಷ್ಟು ಲೋಹ ಕರಗುತ್ತದೆ ಎಂಬ ನಿಯಮವನ್ನು ಅದಕ್ಕೂ ಎರಡು ದಶಕ ಮೊದಲು ಕೊಟ್ಟವನೂ ಅವನೇ. ಮನೆಯಲ್ಲಿ ಕೊಲಾಯ್ಡಲ್ ಸಿಲ್ವರ್ ಮಾಡುವವರಿಗೆ ಬೇಕಾದ ಎರಡೂ ಪಾಠ ಒಬ್ಬ ಮೇಷ್ಟರ ಬಳಿಯೇ ಇವೆ.

ಪ್ರಯೋಗ ಹೀಗೆ. ಗಾಜಿನ ಲೋಟದಲ್ಲಿ ಭಟ್ಟಿ ಇಳಿಸಿದ ನೀರು. ಅದರಲ್ಲಿ ಒಂದಕ್ಕೊಂದು ತಾಗದಂತೆ ಎರಡು ಬೆಳ್ಳಿ ತಂತಿ. ಒಂಬತ್ತು ವೋಲ್ಟಿನ ಮೂರು ಬ್ಯಾಟರಿಯನ್ನು ಸಾಲಾಗಿ ಜೋಡಿಸಿದರೆ 27 ವೋಲ್ಟ್. ಧನ ತುದಿಗೆ ಸೇರಿದ ತಂತಿಯಿಂದ ಬೆಳ್ಳಿ ಅಯಾನುಗಳಾಗಿ ನೀರಿಗೆ ಇಳಿಯುತ್ತದೆ. ಋಣ ತಂತಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅದು ಹೈಡ್ರೋಜನ್. ಸ್ವಲ್ಪ ಹೊತ್ತಿಗೆ ಅದರ ಮೈಮೇಲೆ ಬೂದು ಬಣ್ಣದ ಪಾಚಿಯಂಥದ್ದು ಬೆಳೆಯುತ್ತದೆ. ಲೇಸರ್ ಟಾರ್ಚ್ ಹಿಡಿದರೆ ನೀರಿನೊಳಗೆ ಬೆಳಕಿನ ಗೆರೆ ಕಾಣುತ್ತದೆ. ಕಣಗಳು ಬೆಳಕನ್ನು ಚೆದರಿಸುವುದರಿಂದ ಕಾಣುವ ಗೆರೆ ಅದು, ಶಾಲೆಯಲ್ಲಿ ಟಿಂಡಾಲ್ ಪರಿಣಾಮ ಎಂದು ಓದಿದ್ದು.

ಈಗ ಫ್ಯಾರಡೆಯ ಲೆಕ್ಕ. ಒಂದು ಮಿಲಿಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ತಂತಿಯಿಂದ ಬಿಡುವ ಬೆಳ್ಳಿ 4 ಮಿಲಿಗ್ರಾಂಗಿಂತ ಕೂದಲೆಳೆಯಷ್ಟು ಹೆಚ್ಚು, 4.025. ಒಂದು ಲೀಟರ್ ನೀರಾದರೆ ಅದು ಲೀಟರಿಗೆ 4 ಮಿಲಿಗ್ರಾಂ. ಇದನ್ನೇ 4 ಪಿಪಿಎಂ ಎನ್ನುತ್ತಾರೆ. ಹತ್ತು ಪಿಪಿಎಂ ಬೇಕಿದ್ದರೆ ಒಂದು ಮಿಲಿಆಂಪಿಯರನ್ನು ಹತ್ತಿರ ಹತ್ತಿರ ಎರಡೂವರೆ ಗಂಟೆ ಹರಿಸಬೇಕು. ಅರ್ಧ ಲೀಟರಿಗಾದರೆ ಅದರ ಅರ್ಧ ಹೊತ್ತು. ಎಂಟನೇ ತರಗತಿಯ ಹುಡುಗಿ ಮಾಡಬಹುದಾದ ತ್ರೈರಾಶಿ ಇದು.

ವಿಡಿಯೊಗಳು ಹೇಳುವುದು ಇದನ್ನಲ್ಲ. "ಇಪ್ಪತ್ತು ನಿಮಿಷ ಬಿಡಿ" ಎನ್ನುತ್ತವೆ. ಎಲ್ಲ ಕೆಡುವುದು ಅಲ್ಲೇ. ಶುದ್ಧ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲ. ಮೊದಮೊದಲು ಮೀಟರಿನ ಮುಳ್ಳು ಅಲುಗುವುದೇ ಕಷ್ಟ. ಒಂದಿಷ್ಟು ಬೆಳ್ಳಿ ಇಳಿದ ಮೇಲೆ ಆ ಬೆಳ್ಳಿಯೇ ವಿದ್ಯುತ್ತಿಗೆ ದಾರಿಯಾಗುತ್ತದೆ. ದಾರಿಯಾದಷ್ಟೂ ಹೆಚ್ಚು ಬೆಳ್ಳಿ, ಬೆಳ್ಳಿ ಇಳಿದಷ್ಟೂ ದಾರಿ ಅಗಲ. ಗುಡ್ಡದಿಂದ ಬಿಟ್ಟ ಗಾಡಿಯ ಹಾಗೆ ಅದು ಓಡತೊಡಗುತ್ತದೆ. ಒಂದು ಗಂಟೆಯಲ್ಲಿ ಸರಾಸರಿ ಅರ್ಧ ಮಿಲಿಆಂಪಿಯರ್ ಹರಿದಿದ್ದರೆ ಲೀಟರಿಗೆ 2 ಮಿಲಿಗ್ರಾಂ, ಐದು ಹರಿದಿದ್ದರೆ 20. ಗಡಿಯಾರ ತೋರಿಸುವುದು ಎರಡು ಸಲವೂ ಒಂದೇ ಗಂಟೆ. ನೀರು ಬೆಚ್ಚಗಿದ್ದರೆ ಒಂದು ಲೆಕ್ಕ, ತಂತಿಗಳು ಹತ್ತಿರವಿದ್ದರೆ ಇನ್ನೊಂದು, ಎಷ್ಟು ಉದ್ದ ಮುಳುಗಿವೆ ಎಂಬುದಕ್ಕೆ ಮತ್ತೊಂದು.

ಇದನ್ನು ಅರಿತವರು ಓಡುವ ಗಾಡಿಗೆ ಬ್ರೇಕ್ ಹಾಕುತ್ತಾರೆ. ಬ್ಯಾಟರಿಗೂ ತಂತಿಗೂ ನಡುವೆ 10 ಕಿಲೋಓಮ್‌ನ ಒಂದು ರೆಸಿಸ್ಟರ್ ಇಟ್ಟರೆ 27 ವೋಲ್ಟಿನಲ್ಲಿ ಏನೇ ಆದರೂ 2.7 ಮಿಲಿಆಂಪಿಯರ್ ಮೀರುವುದಿಲ್ಲ. ವಿದ್ಯುತ್ತನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸಣ್ಣ ಸರ್ಕ್ಯೂಟ್ ಇಟ್ಟರೆ ಇನ್ನೂ ವಾಸಿ. ನೀರನ್ನು ನಿಧಾನವಾಗಿ ಕದಡುತ್ತಿರಬೇಕು, ಇಲ್ಲದಿದ್ದರೆ ತಂತಿಯ ಬಳಿಯೇ ಬೆಳ್ಳಿ ದಟ್ಟವಾಗಿ ದೊಡ್ಡ ಕಣಗಳಾಗುತ್ತದೆ. ವೋಲ್ಟು ಎಷ್ಟೆಂದು ಕೇಳುವ ಬದಲು ಎಷ್ಟು ಮಿಲಿಆಂಪಿಯರ್, ಎಷ್ಟು ಹೊತ್ತು, ಎಷ್ಟು ನೀರು ಎಂಬ ಮೂರನ್ನು ಕೇಳಿದವರ ಕೈಯಲ್ಲಿ ಪ್ರಯೋಗ ಒಂದು ಹದಕ್ಕೆ ಬರುತ್ತದೆ.

ಹದಕ್ಕೆ ಬಂತು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ತೊಡಕು. ಫ್ಯಾರಡೆಯ ಲೆಕ್ಕ ಹೇಳುವುದು ತಂತಿಯನ್ನು ಬಿಟ್ಟ ಬೆಳ್ಳಿ ಎಷ್ಟು ಎಂದು. ಬಿಟ್ಟದ್ದೆಲ್ಲ ನೀರಿನಲ್ಲಿ ಉಳಿಯಬೇಕೆಂದಿಲ್ಲ. ಋಣ ತಂತಿಯ ಮೇಲೆ ಬೆಳೆದ ಆ ಬೂದು ಪಾಚಿ ಹೋಗಿಬಂದ ಬೆಳ್ಳಿಯೇ. ತಳದಲ್ಲಿ ಕೂತ ಮಡ್ಡಿಯೂ ಬೆಳ್ಳಿಯದ್ದೇ. ಉಳಿದದ್ದರಲ್ಲಿ ಬಹುಪಾಲು ಕರಗಿದ ಅಯಾನು, ಸ್ವಲ್ಪ ಪಾಲು ಮಾತ್ರ ನಿಜವಾದ ಕಲಿಲ. ಬೆಳ್ಳಿಯ ಅತಿ ಸಣ್ಣ ಕಣಗಳು ನೇರಳೆ-ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ನೀರು ತಿಳಿ ಹಳದಿಯಾಗಿ ಕಾಣುತ್ತದೆ. ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾದ ಹಾಗೆ ಬಣ್ಣ ಕಂದಾಗಿ, ಬೂದಾಗಿ, ಕೊನೆಗೆ ಕಪ್ಪಗೆ ತಳ ಸೇರುತ್ತದೆ. ಬಣ್ಣ ನೋಡಿ ಗಾತ್ರದ ಅಂದಾಜು ಸಿಗಬಹುದು, ಸಾರತೆಯ ಅಂದಾಜು ಸಿಗುವುದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ನೀರಿನ ಫಿಲ್ಟರ್ ಮಾರಲು ಬರುವವರು ಅದ್ದಿ ತೋರಿಸುವ ಪೆನ್ನಿನಂಥ ಟಿಡಿಎಸ್ ಮೀಟರ್ ಇದೆಯಲ್ಲ, ಅದನ್ನೇ ಎಷ್ಟೋ ಮಂದಿ ನಂಬುತ್ತಾರೆ. ಆ ಮೀಟರ್ ಬೆಳ್ಳಿಯನ್ನು ಗುರುತಿಸುವುದೇ ಇಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡಿ, ಅದನ್ನು ಉಪ್ಪಿನ ಲೆಕ್ಕಕ್ಕೆ ಬದಲಿಸಿ ಒಂದು ಅಂಕಿ ತೋರಿಸುತ್ತದೆ ಅಷ್ಟೆ. ತೇಲುವ ಬೆಳ್ಳಿ ಕಣಗಳು ಅದಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಗಾಳಿಯಿಂದ ನೀರಿಗೆ ಸೇರಿದ ಇಂಗಾಲದ ಡೈಆಕ್ಸೈಡ್ ಮಾತ್ರ ಕಾಣುತ್ತದೆ. ತಂತಿ ತೂಗಿ ನೋಡೋಣವೆಂದರೆ, ಲೀಟರಿಗೆ 10 ಮಿಲಿಗ್ರಾಂ ಇಳಿಸಿದಾಗ ತಂತಿ ಸವೆಯುವುದು ಅದೇ 10 ಮಿಲಿಗ್ರಾಂ, ಒಂದು ಗ್ರಾಂನ ನೂರರ ಒಂದು ಪಾಲು. ಸರಾಫ್ ಅಂಗಡಿಯ ಎಷ್ಟೋ ತಕ್ಕಡಿಗಳು ತೋರಿಸುವ ಕೊನೆಯ ಅಂಕಿ ಅದು. ನಂಬಬಹುದಾದ ಉತ್ತರ ಬೇಕೆಂದರೆ ಪರಮಾಣು ಹೀರಿಕೆಯ ರೋಹಿತಮಾಪಕ ಇರುವ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು. ಪ್ರತಿ ಸೀಸೆಗೂ ಅದನ್ನು ಮಾಡುವವರು ಯಾರು?

ಇನ್ನು ನೀರಿನ ಮಾತು. ಗುಂಡ್ಲುಪೇಟೆ ಸೀಮೆಯ ಬೋರ್‌ವೆಲ್ ನೀರು ಎಂಥದ್ದೆಂದು ಅಲ್ಲಿಯ ಕಾಫಿ ಪಾತ್ರೆಗಳ ತಳ ನೋಡಿದರೆ ಸಾಕು. ಬಿಳಿ ಪೊರೆ ಕಟ್ಟಿರುತ್ತದೆ. ಚೆಂಡುಹೂವು, ಸಾಂಬಾರ್ ಈರುಳ್ಳಿ, ಅರಿಸಿನ, ಬಾಳೆ ಎಲ್ಲಕ್ಕೂ ನೆಲದಡಿಯಿಂದಲೇ ನೀರು ಎಳೆದೂ ಎಳೆದೂ ಅಂತರ್ಜಲ ಆಳಕ್ಕೆ ಹೋದ ತಾಲ್ಲೂಕು ಇದು. ಕಬಿನಿ ನೀರನ್ನು ಪಂಪ್ ಮಾಡಿ ಕೆರೆ ತುಂಬಿಸಲು ಆಲಂಬೂರು ಏತ ಯೋಜನೆ ಬೇಕಾದದ್ದು ಸುಮ್ಮನೆ ಅಲ್ಲ. ಈ ಗಡಸು ನೀರಿಗೆ ಬೆಳ್ಳಿ ತಂತಿ ಇಳಿಸಿದರೆ ಏನಾಗುತ್ತದೆ? ನೀರಿನಲ್ಲಿರುವ ಕ್ಲೋರೈಡು ಬೆಳ್ಳಿಯನ್ನು ಕೂಡಲೇ ಹಿಡಿದು ಸಿಲ್ವರ್ ಕ್ಲೋರೈಡ್ ಮಾಡುತ್ತದೆ. ಲೋಟ ಮಜ್ಜಿಗೆ ಕದಡಿದಂತೆ ಬೆಳ್ಳಗಾಗುತ್ತದೆ, ಬೆಳಕಿಗೆ ಇಟ್ಟರೆ ನೇರಳೆ-ಕಪ್ಪಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 250 ಮಿಲಿಗ್ರಾಂವರೆಗೆ ಕ್ಲೋರೈಡನ್ನು ಒಪ್ಪುತ್ತದೆ. ಬರೀ 35 ಮಿಲಿಗ್ರಾಂ ಇದ್ದರೂ ಸಾಕು, ಕರಗಿ ಉಳಿಯುವ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂಗಿಂತ ಕೆಳಗಿಳಿಯುತ್ತದೆ. ಇಂಥ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಮೀಟರ್ ಭರ್ಜರಿಯಾಗಿ ಓಡುತ್ತದೆ, ತಂತಿ ಸವೆಯುತ್ತದೆ, ಮಾಡಿದವರಿಗೆ ಗಟ್ಟಿ ಔಷಧಿ ಆಯಿತೆಂದು ಖುಷಿಯೂ ಆಗುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ನೀರೂ ಭಟ್ಟಿ ನೀರಲ್ಲ, ಅದರಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿಗೆಂದು ಮಾಡಿದ್ದು, ಹೊಟ್ಟೆಗೆಂದಲ್ಲ.

ತಂತಿಯ ಬದಲು ಹಳೆಯ ಕಾಲ್ಗೆಜ್ಜೆಯೋ ಬೆಳ್ಳಿ ನಾಣ್ಯವೋ ಆಗದೇ ಎಂದು ಕೇಳುವವರಿದ್ದಾರೆ. ಆಭರಣಕ್ಕೆ ಬಳಸುವ 925 ಗುರುತಿನ ಬೆಳ್ಳಿಯಲ್ಲಿ ಸಾವಿರಕ್ಕೆ 75 ಪಾಲು ಬೇರೆ ಲೋಹ, ಹೆಚ್ಚಾಗಿ ತಾಮ್ರ. ಅದೂ ನೀರಿಗೆ ಇಳಿಯುತ್ತದೆ.

ಅಷ್ಟಕ್ಕೂ ಈ ಸೀಮೆಯ ನೀರಿನ ದೊಡ್ಡ ತಾಪತ್ರಯ ಗಡಸುತನ, ಲವಣ. ಅವನ್ನು ಬೆಳ್ಳಿ ಮುಟ್ಟುವುದೂ ಇಲ್ಲ. ನೀರಿನಲ್ಲಿ ರೋಗಾಣು ಇರಬಹುದೆಂಬ ಭಯಕ್ಕೆ ಒಲೆಯ ಮೇಲೆ ಚೆನ್ನಾಗಿ ಕುದಿಸುವುದಕ್ಕಿಂತ ಅಗ್ಗದ, ಖಾತ್ರಿಯ ಉಪಾಯ ಮನೆಯಲ್ಲಿ ಇನ್ನೊಂದಿಲ್ಲ.

ಈಗ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು. ಕುಡಿಯುವ ನೀರಿನಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನದಂಡ ಐಎಸ್ 10500 ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸಹಿಸಬಹುದೆನ್ನುವ ಮಟ್ಟವೂ ಅದೇ. ಮನೆಯ ಸೀಸೆಯಲ್ಲಿ ನಿಜಕ್ಕೂ 10 ಪಿಪಿಎಂ ಇದ್ದರೆ ಅದು ಇದರ ನೂರು ಪಟ್ಟು. ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆ ಹಚ್ಚುವ ಬಿಳಿ ಮುಲಾಮು ಸಿಲ್ವರ್ ಸಲ್ಫಾಡಯಾಜಿನ್‌ನಲ್ಲಿ ಬೆಳ್ಳಿ ಸುಮಾರು 3,000 ಪಿಪಿಎಂ. ಚುನಾವಣೆಯ ಶಾಯಿಯಲ್ಲಿ 60,000 ದಾಟುತ್ತದೆ. ಎಲ್ಲವೂ ಒಂದೇ ಲೋಹ. ಒಂದನ್ನು ಕುಡಿಯುತ್ತೇವೆ, ಒಂದನ್ನು ಗಾಯಕ್ಕೆ ಹಚ್ಚುತ್ತೇವೆ, ಒಂದನ್ನು ಉಗುರಿಗೆ.

ಕುಡಿಯುವವರ ಲೆಕ್ಕ ಮಾಡೋಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಜೀವನಪೂರ್ತಿ ದಿನವೂ ಒಳಗೆ ಹೋದರೂ ತೊಂದರೆ ಇಲ್ಲವೆಂದು ಇಟ್ಟಿರುವ ಮಿತಿ ದೇಹತೂಕದ ಕಿಲೋಗೆ 0.005 ಮಿಲಿಗ್ರಾಂ. ಅರವತ್ತು ಕಿಲೋ ತೂಕದವರಿಗೆ 0.3 ಮಿಲಿಗ್ರಾಂ. 10 ಪಿಪಿಎಂನ ದ್ರಾವಣ 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ, ಕುಡಿದರೆ ಸರಿಯಾಗಿ ಅಷ್ಟಾಗುತ್ತದೆ. ಅಳತೆ ಗಟ್ಟಿಯಿದ್ದವರು ಗೆರೆಯ ಮೇಲೆ ನಿಂತಿರುತ್ತಾರೆ. ಗಡಿಯಾರ ನಂಬಿ 40 ಪಿಪಿಎಂ ಮಾಡಿಕೊಂಡವರು ತಮಗೇ ಗೊತ್ತಿಲ್ಲದೆ ಗೆರೆಯ ನಾಲ್ಕು ಪಟ್ಟು ಆಚೆ. ಬಾಯಿಂದ ಹೋದ ಬೆಳ್ಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಗೇ ಹೋಗುತ್ತದೆ ಎನ್ನುವುದು ನಿಜ. ಒಳಗೆ ಉಳಿದದ್ದು ಮಾತ್ರ ಸುಲಭಕ್ಕೆ ಹೋಗುವುದಿಲ್ಲ. ಅದರಿಂದ ಸಿಗುವ ಲಾಭವಾದರೂ ಏನು? ಹೊಟ್ಟೆಯ ಆಮ್ಲದಲ್ಲಿ ಕ್ಲೋರೈಡು ತುಂಬಿರುತ್ತದೆ, ಲೋಟದಲ್ಲಿ ಆದ ಮಜ್ಜಿಗೆಯ ಕತೆಯೇ ಅಲ್ಲೂ ನಡೆಯುತ್ತದೆ. ಕುಡಿದ ಬೆಳ್ಳಿ ಯಾವುದೇ ರೋಗ ವಾಸಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಮೆರಿಕದ ಔಷಧ ಆಡಳಿತ 1999ರಲ್ಲೇ ಇಂಥ ಸೀಸೆಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ತೀರ್ಮಾನಿಸಿತು. ಕೋವಿಡ್ ಕಾಲದಲ್ಲಿ ಮತ್ತೆ ತಲೆಯೆತ್ತಿದ ಮಾರಾಟಗಾರರಿಗೆ 2020ರಲ್ಲಿ ಎಚ್ಚರಿಕೆ ಪತ್ರಗಳೂ ಹೋದವು.

ಉಳಿದ ಬೆಳ್ಳಿ ಏನು ಮಾಡುತ್ತದೆ ಎನ್ನುವುದಕ್ಕೆ ಮೈಸೂರಿನ ಶಾಯಿಯೇ ಪಾಠ. ಬೆಳ್ಳಿಯ ಲವಣಕ್ಕೆ ಬೆಳಕು ತಾಗಿದರೆ ಅದು ಕಪ್ಪು ಬೆಳ್ಳಿಯ ಕಣಗಳಾಗುತ್ತದೆ. ಹಳೆಯ ಫೋಟೊ ಸ್ಟುಡಿಯೊಗಳು ಬದುಕಿದ್ದು ಈ ಗುಣದಿಂದ. ಚಾಮರಾಜನಗರದ ಗಡಿಯಾಚೆಯ ಗಾಜನೂರಿನಲ್ಲಿ ಬೆಳೆದ ಮುತ್ತುರಾಜ 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆಗಿ ತೆರೆಗೆ ಬಂದದ್ದೂ ಬೆಳ್ಳಿಯ ಕಣಗಳಲ್ಲೇ. ಕಪ್ಪುಬಿಳುಪು ರೀಲಿನ ಕಪ್ಪೆಲ್ಲ ಬೆಳ್ಳಿ. ಮೈಯೊಳಗೆ ಹೋದ ಬೆಳ್ಳಿಯೂ ಇದೇ ಕೆಲಸ ಮಾಡುತ್ತದೆ. ರಕ್ತದಲ್ಲಿ ಸಾಗಿ ಚರ್ಮದಡಿ ಸೇರಿ, ಬಿಸಿಲು ಬೀಳುವ ಮುಖ, ಕುತ್ತಿಗೆ, ಕೈಗಳಲ್ಲಿ ಬೂದು-ನೀಲಿಯಾಗಿ ಮೂಡುತ್ತದೆ. ಇದಕ್ಕೆ ಆರ್ಜೀರಿಯಾ ಎಂದು ಹೆಸರು.

ಶಾಯಿಗೂ ಇದಕ್ಕೂ ಇರುವ ವ್ಯತ್ಯಾಸ ಬೆಳ್ಳಿ ಕೂತ ಜಾಗದ್ದು. ಶಾಯಿ ಕೂರುವುದು ಚರ್ಮದ ಮೇಲ್ಪೊರೆಯಲ್ಲಿ ಮತ್ತು ಉಗುರಿನಲ್ಲಿ. ಮೇಲ್ಪೊರೆ ಉದುರಿ ಹೊಸತಾಗುತ್ತದೆ, ಉಗುರು ಬೆಳೆದಂತೆ ಗುರುತು ತುದಿಗೆ ಸರಿದು ಕತ್ತರಿಗೆ ಸಿಗುತ್ತದೆ. ಕುಡಿದ ಬೆಳ್ಳಿ ಕೂರುವುದು ಒಳಚರ್ಮದಲ್ಲಿ. ಅದು ಉದುರುವುದಿಲ್ಲ. ಹಚ್ಚೆಯ ಬಣ್ಣ ಉಳಿಯುವ ಹಾಗೆ ಈ ಬಣ್ಣವೂ ಉಳಿಯುತ್ತದೆ. ಲೇಸರ್ ಚಿಕಿತ್ಸೆಯಿಂದ ಕೆಲವರಲ್ಲಿ ಬಣ್ಣ ತಿಳಿಯಾದದ್ದುಂಟು. ಅದು ದುಬಾರಿ, ನೋವಿನದು, ಮೈಪೂರ್ತಿ ಮಾಡಿಸುವುದು ಸುಲಭವಲ್ಲ.

ಪಾಲ್ ಕರಾಸನ್ ಎಂಬ ಅಮೆರಿಕದ ಮನುಷ್ಯ ಮನೆಯಲ್ಲೇ ಬೆಳ್ಳಿ ನೀರು ಮಾಡಿ ವರ್ಷಗಟ್ಟಲೆ ಕುಡಿದು, ಮುಖಕ್ಕೂ ಹಚ್ಚಿಕೊಂಡು, ಪೂರ್ತಿ ನೀಲಿಯಾಗಿ 2008ರಲ್ಲಿ ಟಿವಿಯಲ್ಲಿ ಕಾಣಿಸಿಕೊಂಡ. ನೀಲಿ ಮನುಷ್ಯನೆಂದೇ ಹೆಸರಾಗಿ 2013ರಲ್ಲಿ ತೀರಿಕೊಂಡ. ಮೊಂಟಾನಾ ರಾಜ್ಯದ ರಾಜಕಾರಣಿ ಸ್ಟಾನ್ ಜೋನ್ಸ್ ಕತೆ ಇನ್ನೂ ವಿಚಿತ್ರ. 2000ನೇ ಇಸವಿ ಬಂದರೆ ಕಂಪ್ಯೂಟರ್‌ಗಳೆಲ್ಲ ಕೆಟ್ಟು ಔಷಧಿಯೇ ಸಿಗದು ಎಂದು ಹೆದರಿ 1999ರಿಂದ ಕುಡಿಯತೊಡಗಿದರು. ಕಂಪ್ಯೂಟರ್‌ಗಳಿಗೆ ಏನೂ ಆಗಲಿಲ್ಲ. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಅವರ ಮೈಬಣ್ಣ ಬೂದು-ನೀಲಿ. ನಮ್ಮಲ್ಲಿ ಮತದಾರನ ಒಂದು ಬೆರಳಿಗೆ ಆಗುವುದು ಅಲ್ಲಿ ಅಭ್ಯರ್ಥಿಯ ಮೈತುಂಬ ಆಗಿತ್ತು.

ಬೆಳ್ಳಿಯನ್ನು ಪೂರ್ತಿ ದೂರಬೇಕಿಲ್ಲ. ಸುಟ್ಟಗಾಯದ ಮುಲಾಮಿಗೆ ಇವತ್ತಿಗೂ ಆಸ್ಪತ್ರೆಯಲ್ಲಿ ಜಾಗವಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಭಾಗದಲ್ಲಿ ಕುಡಿಯುವ ನೀರು ಕೆಡದಂತೆ ಕಾಯುವುದು ಬೆಳ್ಳಿ ಅಯಾನು. 2009ರ ಕೊನೆಯಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರಿನಲ್ಲಿ ಭತ್ತದ ಹೊಟ್ಟಿನ ಬೂದಿಯ ಮೇಲೆ ನ್ಯಾನೊ ಬೆಳ್ಳಿ ಕೂರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿ ಮದ್ರಾಸ್ ಐಐಟಿ ಸೇರಿದ ಟಿ. ಪ್ರದೀಪ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಬೆಳ್ಳಿಯ ಕಣಗಳನ್ನು ಚಿಟೋಸಾನ್ ಎಂಬ ವಸ್ತು ಬೆರೆಸಿದ ಹರಳಿನೊಳಗೆ ಹುದುಗಿಸಿ, ಅಯಾನು ತೊಟ್ಟುತೊಟ್ಟಾಗಿ ಮಾತ್ರ ನೀರಿಗೆ ಬಿಡುವಂತೆ ಮಾಡಲಾಯಿತು. ರೋಗಾಣು ಸಾಯಬೇಕು, ಬೆಳ್ಳಿ ಮಾತ್ರ ಆ 0.1ರ ಗೆರೆಯ ಕೆಳಗೇ ಇರಬೇಕು. ಒಂದು ಪ್ರಯೋಗಾಲಯ ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದು ಅಷ್ಟನ್ನು ಸಾಧಿಸಲು. ಇಪ್ಪತ್ತು ನಿಮಿಷ ಬಿಡಿ ಎನ್ನುವ ವಿಡಿಯೊಗೆ ಈ ತಲೆನೋವಿಲ್ಲ.

ಹೈಸ್ಕೂಲಿನ ವಿಜ್ಞಾನ ಮೇಷ್ಟರಿಗೆ ಮಾತ್ರ ಇದು ಒಳ್ಳೆಯ ಪ್ರಯೋಗ. ಫ್ಯಾರಡೆಯ ನಿಯಮ, ಓಮ್‌ನ ನಿಯಮ, ಟಿಂಡಾಲ್ ಪರಿಣಾಮ, ಒತ್ತರಿಸುವಿಕೆ ಎಲ್ಲವೂ ಒಂದೇ ಲೋಟದಲ್ಲಿ ಸಿಗುತ್ತವೆ. ಒಂದು ಲೋಟಕ್ಕೆ ಭಟ್ಟಿ ನೀರು, ಪಕ್ಕದ್ದಕ್ಕೆ ಊರಿನ ಬೋರ್‌ವೆಲ್ ನೀರು ಹಾಕಿ ಎರಡನ್ನೂ ಜೊತೆಗೇ ನಡೆಸಿದರೆ ಮಕ್ಕಳಿಗೆ ತಮ್ಮ ನೀರಿನ ಪರಿಚಯವೂ ಆಗುತ್ತದೆ. ಪ್ರಯೋಗ ಮುಗಿದ ಮೇಲೆ ಲೋಟದ ಮೇಲೆ 'ಕುಡಿಯಬೇಡಿ' ಎಂದು ಚೀಟಿ ಅಂಟಿಸಿ.

ಈಗಾಗಲೇ ಮನೆಯಲ್ಲಿ ಮಾಡಿ ಕುಡಿಯುತ್ತಿರುವವರಿಗೆ ಒಂದು ಮಾತು. ಥೈರಾಯ್ಡ್ ಮಾತ್ರೆಯನ್ನೂ ಕೆಲವು ಪ್ರತಿಜೈವಿಕಗಳನ್ನೂ ದೇಹ ಹೀರಿಕೊಳ್ಳದಂತೆ ಬೆಳ್ಳಿ ತಡೆಯಬಹುದು. ಹಾಗಾಗಿ ಯಾವ ಡಾಕ್ಟರ ಬಳಿ ಹೋದರೂ ಇದನ್ನು ಮುಚ್ಚಿಡಬೇಡಿ. ಆರ್ಜೀರಿಯಾ ಮುಖಕ್ಕೆ ಬರುವ ಮೊದಲು ಎಷ್ಟೋ ಸಲ ಒಸಡಿನಲ್ಲಿ, ಉಗುರಿನ ಬುಡದಲ್ಲಿ ಸುಳಿವು ಕೊಡುತ್ತದೆ. ಇವತ್ತೇ ಹಗಲು ಬೆಳಕಿನಲ್ಲಿ ಕೈ ಹಿಡಿದು, ಉಗುರಿನ ಬುಡದ ಬಿಳಿ ಅರ್ಧಚಂದ್ರ ನೋಡಿಕೊಳ್ಳಿ. ಅದು ನೀಲಿಗೆ ತಿರುಗಿದ್ದರೆ ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ, ಮನೆಯಲ್ಲಿರುವ ಸೀಸೆಯನ್ನೂ ಜೊತೆಗಿಟ್ಟುಕೊಂಡು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ತೋರಿಸಿ.